ಬೆಕ್ಕಿಗೂ ಒಂದು ವಂಶಾವಳಿ

ಋಷಿಮೂಲ, ನದೀಮೂಲಗಳನ್ನು ಹುಡುಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಬೆಕ್ಕಿನ ಮೂಲದ ಬಗ್ಗೆ ಅವರು ಏನನ್ನೂ ಹೇಳಲಿಲ್ಲ. ಹೇಳುವ ಅಗತ್ಯವೇ ಅವರಿಗೆ ಕಂಡಿರಲಾರದು. ಊರ ಮನೆಗಳಿಗೆ ಬೆಕ್ಕು ತಾನಾಗಿ ಬರುತ್ತಿತ್ತು, ಅಟ್ಟದ ಮೇಲೆ ಮರಿ ಹಾಕುತ್ತಿತ್ತು, ಮರಿಗಳನ್ನು ಏಳು ಮನೆ ತಿರುಗಿಸುತ್ತಿತ್ತು, ಒಂದು ದಿನ ಹೇಳದೆ ಕೇಳದೆ ಹೊರಟುಹೋಗುತ್ತಿತ್ತು. ಅದರ ತಂದೆ ಯಾರು, ಅಜ್ಜಿ ಯಾವ ಮನೆಯದು ಎಂದು ವಿಚಾರಿಸಿದವರಿಲ್ಲ.

ಹಾಗೆಂದು ವಂಶಾವಳಿಯ ಲೆಕ್ಕ ನಮ್ಮ ನಾಡಿಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಕಡೆಯ ವಾಚಕರಿಗೆ ಹೆಳವರ ಪರಿಚಯ ಇದ್ದೇ ಇರುತ್ತದೆ. ಎತ್ತನ್ನೇರಿ ಊರೂರು ಸುತ್ತಿ, ಒಕ್ಕಲಿನ ಮನೆಯ ಮುಂದೆ ನಿಂತು, ಆ ಮನೆತನದ ತಾತ ಮುತ್ತಾತಂದಿರ ಹೆಸರುಗಳನ್ನೂ, ಅವರು ಯಾವ ಊರಿನಿಂದ ಯಾವ ಊರಿಗೆ ಬಂದರೆಂಬುದನ್ನೂ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳು ಬಟ್ಟೆ ಪಡೆದು ಮುಂದೆ ಹೋಗುವುದು ಅವರ ಕುಲವೃತ್ತಿ. ಮನುಷ್ಯರ ಮಾತು ಹಾಗಿರಲಿ, ದನಗಳ ತಳಿಯನ್ನು ಕಾಪಾಡುವ ವ್ಯವಸ್ಥೆಯೂ ನಮ್ಮಲ್ಲಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆಯೇ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ದನ ಸೈನ್ಯದ ಬಂಡಿ ಎಳೆಯುತ್ತಿತ್ತು. ಆದುದರಿಂದ ಅದರ ತಳಿಗೆ ಬೆಲೆಯಿತ್ತು. ಬೆಕ್ಕು ಏನನ್ನೂ ಎಳೆಯುವುದಿಲ್ಲ!

ಇಂಥ ಬೆಕ್ಕಿಗೆ ರಿಜಿಸ್ಟರು, ನಂಬರು, ಪ್ರಮಾಣಪತ್ರ, ವರ್ಗಾವಣೆಯ ಫಾರಂ, ಅಪೀಲು ಇವೆಲ್ಲ ಹೇಗೆ ಬಂದುವೆಂಬ ಕಥೆ ಸ್ವಾರಸ್ಯವಾದುದು. ದಫ್ತರದಲ್ಲಿ ಕುಳಿತು ದಿನವೆಲ್ಲ ರಿಜಿಸ್ಟರುಗಳ ನಡುವೆ ಇರುವ ನಮ್ಮಂಥವರಿಗೆ ಅದರಲ್ಲಿ ಯೋಚಿಸತಕ್ಕ ವಿಷಯವೂ ಇದೆ. ಏಕೆಂದರೆ ಯಾವುದನ್ನು ದಾಖಲೆಗೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯದಿಂದ ಜೀವಗಳ ಹಣೆಬರಹ ಬದಲಾದುದನ್ನು ಈ ಚರಿತ್ರೆಯಲ್ಲಿ ಸ್ಪಷ್ಟವಾಗಿ ನೋಡಬಹುದು.

ಗಾಜಿನ ಅರಮನೆಯಲ್ಲಿ ಬೆಕ್ಕುಗಳು

ವಂಶಾವಳಿ ಗ್ರಂಥಗಳು ಇಂಗ್ಲೆಂಡಿನಲ್ಲಿ ಮೊದಲು ಬಂದದ್ದು ಪಂದ್ಯದ ಕುದುರೆಗಳಿಗಾಗಿ, 1791ರಲ್ಲಿ. ಶಾರ್ಟ್‌ಹಾರ್ನ್ ದನಗಳ ಗ್ರಂಥ 1822ರಲ್ಲಿ ಬಂದಿತು. ನಾಯಿಗಳ ಸಲುವಾಗಿ ಕೆನಲ್ ಕ್ಲಬ್ ಸ್ಥಾಪನೆಯಾದುದು 1873ರಲ್ಲಿ. ಇವೆಲ್ಲಕ್ಕೂ ಪಂದ್ಯದ ಹಣ, ಹಾಲು ಮಾಂಸ, ಬೇಟೆ ಎಂಬ ಕಾರಣಗಳಿದ್ದುವು. ಬೆಕ್ಕನ್ನು ಆಗ ಇಲಿ ಹಿಡಿಯುವ ಪ್ರಾಣಿಯೆಂದು ಇಟ್ಟುಕೊಳ್ಳುತ್ತಿದ್ದರು. ಅದಕ್ಕೆ ಕಲ್ಲೆಸೆಯುವುದು ಬೀದಿಯ ಹುಡುಗರಿಗೆ ಆಟವಾಗಿತ್ತು.

ಹ್ಯಾರಿಸನ್ ವಿಯರ್ (1824–1906) ಎಂಬ ಚಿತ್ರಕಾರ ಇದನ್ನು ನೋಡಿ ನೊಂದುಕೊಂಡವನು. ಪ್ರಾಣಿಪಕ್ಷಿಗಳ ಚಿತ್ರ ಬರೆಯುವುದು ಅವನ ವೃತ್ತಿ. ಚೆಂದದ ಬೆಕ್ಕುಗಳನ್ನು ಒಂದೆಡೆ ಸೇರಿಸಿ ಜನರಿಗೆ ತೋರಿಸಿದರೆ ಅವುಗಳ ಮೇಲಿನ ತಾತ್ಸಾರ ಹೋದೀತೆಂದು ಅವನಿಗೆ ಅನ್ನಿಸಿತು. 1871ರ ಜುಲೈ 13ರಂದು ಲಂಡನ್ನಿನ ದಕ್ಷಿಣಕ್ಕಿದ್ದ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆಯಲ್ಲಿ ಆ ಪ್ರದರ್ಶನ ನಡೆಯಿತು. ಸುಮಾರು 170 ಬೆಕ್ಕುಗಳು ಬಂದಿದ್ದುವು. ತೀರ್ಪುಗಾರರು ಮೂವರು: ವಿಯರ್, ಅವನ ಅಣ್ಣ, ಮತ್ತು ಒಬ್ಬ ಪಾದ್ರಿ. ವಿಯರನ ಮನೆಯ ಹದಿನಾಲ್ಕು ವರ್ಷದ ಮುದಿ ಬೆಕ್ಕಿಗೂ ಒಂದು ಬಹುಮಾನ ಬಂದಿತು! ಜನ ಕಿಕ್ಕಿರಿದು ನೆರೆದಿದ್ದರು.

ತೀರ್ಪು ಕೊಡಬೇಕಾದರೆ ಅಳತೆಗೋಲು ಬೇಕು. ಯಾವ ಜಾತಿಯ ಬೆಕ್ಕಿಗೆ ಮುಖ ಹೇಗಿರಬೇಕು, ಕಿವಿ, ಕಣ್ಣು, ಬಣ್ಣ, ಬಾಲ ಹೇಗಿರಬೇಕು, ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ವಿಯರ್ ಬರೆದಿಟ್ಟನು. ಬೆಕ್ಕುಗಳ ಬಗ್ಗೆ ಅವನು ಬರೆದ ಗ್ರಂಥ 1889ರಲ್ಲಿ ಪ್ರಕಟವಾಯಿತು. ಗಮನಿಸತಕ್ಕ ಮಾತೆಂದರೆ ಅವನ ಅಂಕಪಟ್ಟಿಯಲ್ಲಿ ಎಣಿಕೆಗೆ ಬರುತ್ತಿದ್ದುದು ಎದುರಿಗಿದ್ದ ಬೆಕ್ಕಿನ ಲಕ್ಷಣ ಮಾತ್ರ. ಅದರ ಅಪ್ಪ ಅಜ್ಜಂದಿರ ಪ್ರಶ್ನೆ ಆಗ ಇರಲಿಲ್ಲ. ಮುಂದಿನ ಪ್ರದರ್ಶನಗಳಲ್ಲಿ ಕೂಲಿಕಾರರು ಸಾಕಿದ ಬೆಕ್ಕುಗಳಿಗೆಂದೇ ಬೇರೆಯ ವಿಭಾಗವಿದ್ದಿತು.

ಎರಡು ರಿಜಿಸ್ಟರುಗಳ ಜಗಳ

1887ರಲ್ಲಿ ನ್ಯಾಷನಲ್ ಕ್ಯಾಟ್ ಕ್ಲಬ್ ಸ್ಥಾಪನೆಯಾಯಿತು. ಮೊದಲ ಅಧ್ಯಕ್ಷ ವಿಯರನೇ. ಬೆಕ್ಕುಗಳ ವಂಶಾವಳಿಯನ್ನು ದಾಖಲು ಮಾಡುವ ಕೆಲಸವನ್ನು ಈ ಕ್ಲಬ್ಬು ಕೈಗೆತ್ತಿಕೊಂಡಿತು. ಬಹುಮಾನ ಪಡೆದ ಬೆಕ್ಕಿನ ಮರಿಗೆ ಬೆಲೆ ಬರತೊಡಗಿದಾಗ, ಇದು ನಿಜವಾಗಿ ಅದರ ಮರಿಯೇ ಎಂಬ ಪ್ರಶ್ನೆ ಬಂದೇ ಬರುತ್ತದಷ್ಟೆ. ಆದರೆ ಕೆಲವೇ ವರ್ಷಗಳಲ್ಲಿ ವಿಯರನಿಗೆ ಬೇಸರ ಹುಟ್ಟಿತು. ಸದಸ್ಯರಿಗೆ ಬೆಕ್ಕುಗಳ ಕ್ಷೇಮಕ್ಕಿಂತ ಬಹುಮಾನಗಳೇ ಹೆಚ್ಚಾಗಿವೆಯೆಂದು ಮನನೊಂದು ಅವನು ಕ್ಲಬ್ಬಿನಿಂದ ದೂರ ಸರಿದನು. ಅವನ ನಂತರ ಅಧ್ಯಕ್ಷನಾದವನು, ಬೆಕ್ಕುಗಳಿಗೆ ಕೋಟು ಟೋಪಿ ತೊಡಿಸಿದಂತೆ ಚಿತ್ರ ಬರೆದು ಹೆಸರಾದ ಲೂಯಿ ವೇಯ್ನ್.

1898ರಲ್ಲಿ ಲೇಡಿ ಮಾರ್ಕಸ್ ಬೆರೆಸ್‌ಫರ್ಡ್ ಎಂಬಾಕೆ ಕ್ಯಾಟ್ ಕ್ಲಬ್ ಎಂಬ ಇನ್ನೊಂದು ಸಂಸ್ಥೆಯನ್ನು ಕಟ್ಟಿದಳು. ಅದಕ್ಕೂ ಒಂದು ರಿಜಿಸ್ಟರು. ನಮ್ಮಲ್ಲಿ ದಾಖಲಾದ ಬೆಕ್ಕು ಅವರ ಪ್ರದರ್ಶನಕ್ಕೆ ಹೋಗಕೂಡದೆಂಬ ನಿರ್ಬಂಧ ಬಂದಿತು. ಮಹಾನಗರಗಳ ಸಂಘ ಸಂಸ್ಥೆಗಳ ಚರಿತ್ರೆಯನ್ನು ಬಲ್ಲ ವಾಚಕರಿಗೆ ಇದೇನೂ ವಿಚಿತ್ರವೆನಿಸದು! ಕ್ಯಾಟ್ ಕ್ಲಬ್ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಜಗಳಗಳು ನಿಲ್ಲಲಿಲ್ಲ. ಕೊನೆಗೆ 1910ರಲ್ಲಿ ಕ್ಲಬ್ಬುಗಳ ಪ್ರತಿನಿಧಿಗಳು ಲಂಡನ್ನಿನಲ್ಲಿ ಸೇರಿ ಒಂದು ಆಡಳಿತ ಮಂಡಳಿಯನ್ನು ರಚಿಸಿಕೊಂಡರು. ಹಳೆಯ ನ್ಯಾಷನಲ್ ಕ್ಲಬ್ಬು ತನ್ನ ದಾಖಲಾತಿಯ ಹಕ್ಕನ್ನು ಈ ಮಂಡಳಿಗೆ ಒಪ್ಪಿಸಿತು. ಅದಕ್ಕೆ ಪ್ರತಿಯಾಗಿ ಮಂಡಳಿಯಲ್ಲಿ ನಾಲ್ಕು ಶಾಶ್ವತ ಸ್ಥಾನಗಳನ್ನು ಪಡೆಯಿತು. ಗವರ್ನಿಂಗ್ ಕೌನ್ಸಿಲ್ ಆಫ್ ದಿ ಕ್ಯಾಟ್ ಫ್ಯಾನ್ಸಿ ಎಂಬ ಆ ಮಂಡಳಿ ಇಂದಿಗೂ ಬ್ರಿಟನ್ನಿನ ಪ್ರಮುಖ ದಾಖಲಾತಿ ಸಂಸ್ಥೆಯಾಗಿದೆ. ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ 1906ರಲ್ಲಿ ಹುಟ್ಟಿತು. ಅದೂ ಮೊದಲಿದ್ದ ಒಂದು ಸಂಘದಿಂದ ಒಡೆದು ಬಂದುದೇ. ಯುರೋಪಿನ ಒಕ್ಕೂಟ 1949ರದು.

ಬೆಕ್ಕಿನ ಸರ್ವಿಸ್ ಬುಕ್

ಇನ್ನು ನಿಯಮಗಳ ವಿಷಯ. ಬೆಕ್ಕಿನ ದಾಖಲಾತಿಯಲ್ಲಿ ಒಂದು ಮೂಲಭೂತ ತೊಡಕು ಇದೆ. ಹೆಣ್ಣು ಬೆಕ್ಕನ್ನು ಹೊರಗೆ ಬಿಟ್ಟರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರು ಇರಬಹುದು. ಇದು ಪ್ರಾಣಿಶಾಸ್ತ್ರದಲ್ಲಿ ಸಿದ್ಧವಾದ ವಿಷಯ. ಆದುದರಿಂದ ವಂಶಾವಳಿ ಬೇಕೆನ್ನುವವರು ಹೆಣ್ಣನ್ನು ಬೀಗ ಹಾಕಿ ಕಾಯಬೇಕು. ಗಂಡಿನ ಒಡೆಯನು ಇಂಥ ದಿನ ಸಂಯೋಗವಾಯಿತೆಂದು ಸಹಿ ಮಾಡಿ ಪತ್ರ ಕೊಡಬೇಕು. ಮರಿಗಳು ಹುಟ್ಟಿದ ಮೇಲೆ ಸಾಕಿದವರು ಇಡೀ ಸೂಲನ್ನು ಒಟ್ಟಾಗಿ ದಾಖಲು ಮಾಡಿಸಬೇಕು. ಪ್ರತಿಯೊಂದು ಮರಿಗೂ ಒಂದು ಹೆಸರು, ಒಂದು ನಂಬರು. ಹೆಸರಿನ ಮೊದಲಿಗೆ ಸಾಕಿದವರ ಮನೆತನದ ಗುರುತಿನ ಪದ. ನಮ್ಮಲ್ಲಿ ಊರ ಹೆಸರು ಸೇರಿಸಿಕೊಳ್ಳುವುದಿಲ್ಲವೇ, ಹಾಗೆ. ಆ ಪದವನ್ನು ಮತ್ತೊಬ್ಬರು ಬಳಸುವಂತಿಲ್ಲ. ಮರಿಯನ್ನು ಮಾರಿದಾಗ ಒಡೆತನದ ವರ್ಗಾವಣೆಯೂ ದಾಖಲಾಗಬೇಕು. ಸರಕಾರಿ ನೌಕರನ ಸರ್ವಿಸ್ ಬುಕ್ಕಿಗೆ ಇದು ಏನೂ ಕಡಿಮೆಯಲ್ಲ.

ವಂಶಾವಳಿ ಪತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ತಲೆಮಾರಿನ ಹೆಸರುಗಳಿರುತ್ತವೆ. ತಂದೆತಾಯಿ ಇಬ್ಬರು, ಅವರ ಹಿಂದೆ ನಾಲ್ವರು, ಎಂಟು ಮಂದಿ, ಹದಿನಾರು ಮಂದಿ, ಒಟ್ಟು 30 ಹೆಸರುಗಳು. ನಾವು ಶ್ರಾದ್ಧದಲ್ಲಿ ಹೇಳುವುದು ಮೂರು ತಲೆಮಾರು. ತಾಯಿಯ ಕಡೆಯ ಮುತ್ತಜ್ಜಿಯ ಹೆಸರು ಕೇಳಿದರೆ ನಮ್ಮಲ್ಲಿ ಅನೇಕರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಬೆಕ್ಕಿನ ಪತ್ರದಲ್ಲಿ ತಾಯಿಯ ಕಡೆಗೂ ತಂದೆಯ ಕಡೆಗೂ ಸಮಾನ ಸ್ಥಾನ.

ಬ್ರಿಟನ್ನಿನ ಪ್ರದರ್ಶನಗಳಲ್ಲಿ ಒಂದು ನಿಯಮ ಮೆಚ್ಚತಕ್ಕದ್ದು. ಅಲ್ಲಿ ಸ್ಪರ್ಧೆಯ ಬೆಕ್ಕಿನ ಗೂಡಿನಲ್ಲಿ ಹಾಸುವ ಕಂಬಳಿ ಬಿಳಿಯದು, ನೀರಿನ ಬಟ್ಟಲು ಬಿಳಿಯದು, ಮಣ್ಣಿನ ತಟ್ಟೆಯೂ ಬಿಳಿಯದು. ಗುರುತಿಗೆ ಇರುವುದು ನಂಬರು ಮಾತ್ರ. ತೀರ್ಪು ನಡೆಯುವಾಗ ಒಡೆಯರು ದೂರ ಇರಬೇಕು. ತೀರ್ಪುಗಾರರೇ ಗೂಡಿನಿಂದ ಗೂಡಿಗೆ ಬರುತ್ತಾರೆ. ಇಲಾಖಾ ಪರೀಕ್ಷೆಯಲ್ಲಿ ಉತ್ತರಪತ್ರಿಕೆಗೆ ಹೆಸರು ಬರೆಯದೆ ನಂಬರು ಹಾಕುವಂತೆಯೇ ಇದು. ಮೂವರು ಬೇರೆ ಬೇರೆ ತೀರ್ಪುಗಾರರಿಂದ ಪ್ರಮಾಣಪತ್ರ ಪಡೆದ ಬೆಕ್ಕು ಚಾಂಪಿಯನ್ ಎನಿಸುತ್ತದೆ. ಗೂಡಿನಲ್ಲಿ ಮೊದಲನೆಯದಾದ ಮಾತ್ರಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ; ಲಕ್ಷಣ ಸಾಲದೆಂದು ಕಂಡರೆ ತೀರ್ಪುಗಾರರು ಅದನ್ನು ತಡೆಹಿಡಿಯಬಹುದು.

ಮೆಂಡೆಲನೆಂಬ ಆಡಿಟರ್

ದಾಖಲೆ ಆರಂಭವಾದ 1887ರಲ್ಲಿ ಆನುವಂಶಿಕತೆಯ ಸೂತ್ರಗಳು ಯಾರಿಗೂ ತಿಳಿದಿರಲಿಲ್ಲ. ಬಟಾಣಿ ಗಿಡಗಳ ಮೇಲೆ ಮೆಂಡೆಲ್ ಮಾಡಿದ ಪ್ರಯೋಗಗಳು 1866ರಲ್ಲೇ ಅಚ್ಚಾಗಿದ್ದರೂ ಜಗತ್ತು ಅದನ್ನು ಕಂಡುಕೊಂಡದ್ದು 1900ರಲ್ಲಿ. ಆಮೇಲೆ ರಿಜಿಸ್ಟರಿಗೆ ಒಬ್ಬ ಆಡಿಟರ್ ಬಂದಂತಾಯಿತು. ಮುಖ, ಕಿವಿ, ಬಾಲ, ಕಾಲುಗಳಲ್ಲಿ ಮಾತ್ರ ಕಪ್ಪು ಇರುವ ಸಯಾಮಿ ಬಣ್ಣವು ಹಿನ್ನಡೆಯ ಗುಣ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುವಂಥದು. ಎರಡು ಸಯಾಮಿ ಬೆಕ್ಕುಗಳ ಸೂಲಿನಲ್ಲಿ ಮೈಯೆಲ್ಲ ಕಪ್ಪಾದ ಮರಿ ಹುಟ್ಟಿತೆಂದು ಯಾರಾದರೂ ಬರೆಸಿದರೆ, ಫಾರಂ ನೋಡಿಯೇ ತಪ್ಪನ್ನು ಹಿಡಿಯಬಹುದು: ಆ ರಾತ್ರಿ ಕಿಟಕಿ ತೆರೆದಿತ್ತು!

ಇದೇ ಸೂತ್ರವನ್ನು ಹಿಡಿದು ಹೊಸ ತಳಿಗಳನ್ನೂ ಮಾಡಿದರು. ಅಮೆರಿಕದ ಹಾರ್ವರ್ಡಿನಲ್ಲಿ ಕ್ಲೈಡ್ ಕೀಲರ್ ಮತ್ತು ವರ್ಜೀನಿಯಾ ಕಾಬ್ ಎಂಬವರು 1930ರ ದಶಕದಲ್ಲಿ ಪರ್ಷಿಯನ್ ಮತ್ತು ಸಯಾಮಿ ಬೆಕ್ಕುಗಳನ್ನು ಕೂಡಿಸಿ, ಉದ್ದ ಕೂದಲು ಹಾಗೂ ಸಯಾಮಿ ಬಣ್ಣ ಎರಡೂ ಇರುವ ಬೆಕ್ಕನ್ನು ಪಡೆದರು. ಮುಂದೆ ಅದಕ್ಕೆ ಬಂದ ಹೆಸರು ಹಿಮಾಲಯನ್. ಹಿಮಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಬಣ್ಣದ ಒಂದು ಮೊಲಕ್ಕೆ ಆ ಹೆಸರಿದ್ದಿತು.

ನಮ್ಮ ಮುಂಬಯಿಯ ಹೆಸರಿನದೂ ಒಂದು ತಳಿ ಇದೆ. ಕೆಂಟಕಿಯ ನಿಕಿ ಹಾರ್ನರ್ ಎಂಬಾಕೆ 1958ರಲ್ಲಿ ಆರಂಭಿಸಿ, ಬರ್ಮೀಸ್ ಬೆಕ್ಕನ್ನೂ ಅಮೆರಿಕದ ಕಪ್ಪು ಬೆಕ್ಕನ್ನೂ ಕೂಡಿಸಿ, ತಾಮ್ರದ ಕಣ್ಣಿನ, ಎಣ್ಣೆ ಹಚ್ಚಿದಂತೆ ಮಿರುಗುವ ಕಡುಗಪ್ಪು ಬೆಕ್ಕನ್ನು ಪಡೆದಳು. ಹಿಂದೂಸ್ಥಾನದ ಕರಿ ಚಿರತೆಯ ನೆನಪಿಗೆ ಅದಕ್ಕೆ ಬಾಂಬೇ ಎಂದು ಹೆಸರಿಟ್ಟಳು. 1976ರಲ್ಲಿ ಅದು ಚಾಂಪಿಯನ್ ಸ್ಪರ್ಧೆಗೆ ಅರ್ಹವಾಯಿತು. 1995ರಲ್ಲಿ ನಗರದ ಹೆಸರು ಅಧಿಕೃತವಾಗಿ ಮುಂಬಯಿ ಎಂದಾಯಿತಾದರೂ ಬೆಕ್ಕಿನ ರಿಜಿಸ್ಟರಿನಲ್ಲಿ ಹೆಸರು ತಿದ್ದಲಿಲ್ಲ. ಕೋಳಿವಾಡೆಯಲ್ಲಿ ಮೀನಿನ ಬುಟ್ಟಿ ಕಾಯುವ ಕರಿ ಬೆಕ್ಕು, ಹುಟ್ಟಿನಿಂದ ಮುಂಬಯಿಯದೇ ಆದರೂ, ಬಾಂಬೇ ಅಲ್ಲ!

ಸಯಾಮಿನ ಕಡತಗಳು

ವಂಶಾವಳಿ ಎಂದರೆ ಪಾಶ್ಚಾತ್ಯರದೇ ಬುದ್ಧಿ ಎಂದು ತಿಳಿಯಬೇಕಿಲ್ಲ. ಸಯಾಮಿನಲ್ಲಿ, ಅಂದರೆ ಇಂದಿನ ಥೈಲೆಂಡಿನಲ್ಲಿ, ಶುಭ ಲಕ್ಷಣದ ಹದಿನೇಳು ಬಗೆಯ ಬೆಕ್ಕುಗಳನ್ನು ಚಿತ್ರ ಸಮೇತ ಪದ್ಯದಲ್ಲಿ ವರ್ಣಿಸುವ ಹಸ್ತಪ್ರತಿಗಳಿವೆ. ಅವು ಮಡಿಕೆ ಮಡಿಕೆಯಾಗಿ ಬಿಚ್ಚುವ ಕಾಗದದ ಪುಸ್ತಕಗಳು. ನಮ್ಮಲ್ಲಿ ಬಟ್ಟೆಗೆ ಇದ್ದಿಲು ಹುಣಿಸೆಬೀಜದ ಸರಿ ಬಳಿದು ಮಡಿಸಿದ ಕಡತಗಳಲ್ಲಿ ಲೆಕ್ಕ ಬರೆಯುತ್ತಿದ್ದುದನ್ನು ನೆನೆಯಬಹುದು. ಇಂದು ಕಚೇರಿಯ ಫೈಲಿಗೆ ಕಡತ ಎನ್ನುವ ಮಾತು ಅಲ್ಲಿಂದಲೇ ಬಂದುದು. ಆದರೆ ಸಯಾಮಿನ ಆ ಪುಸ್ತಕಗಳಲ್ಲಿ ಇರುವುದು ಬೆಕ್ಕಿನ ಲಕ್ಷಣ, ಸಾಕಿದವರಿಗೆ ಬರುವ ಫಲ. ಇಂಥ ಬೆಕ್ಕಿನ ಮಗ ಇಂಥದೆಂಬ ಲೆಕ್ಕ ಅಲ್ಲಿಲ್ಲ.

ಆ ಹದಿನೇಳರಲ್ಲಿ ಒಂದಾದ ಬೂದುಬಣ್ಣದ ಕೋರಾಟ್ ಬೆಕ್ಕಿನ ಜೋಡಿ 1959ರಲ್ಲಿ ಅಮೆರಿಕಕ್ಕೆ ಹೋಯಿತು. ಅದನ್ನು ಸಾಕಿದವರು ಒಂದು ನಿಯಮವನ್ನು ಬಿಗಿಯಾಗಿ ಹಿಡಿದರು: ಯಾವ ಕೋರಾಟಿನ ವಂಶಾವಳಿಯೂ ಹಿಂದೆ ಹಿಂದೆ ಹೋದರೆ ಥೈಲೆಂಡಿಗೇ ಮುಟ್ಟಬೇಕು.

ಸಿಂಗಪುರದ ಪ್ರಕರಣ ಇದಕ್ಕೆ ತೀರ ಭಿನ್ನ. 1975ರಲ್ಲಿ ಅಮೆರಿಕದ ದಂಪತಿ ಸಿಂಗಪುರದಿಂದ ಮೂರು ಸಣ್ಣ ಕಂದು ಬೆಕ್ಕುಗಳನ್ನು ತಂದು, ಇವು ಅಲ್ಲಿಯ ಬೀದಿಯ ಸಹಜ ತಳಿ ಎಂದರು. ಸಿಂಗಪುರಾ ಎಂಬ ಹೆಸರಿನಲ್ಲಿ ಅದಕ್ಕೆ ಮಾನ್ಯತೆಯೂ ಸಿಕ್ಕಿತು. 1987ರಲ್ಲಿ ಇನ್ನೊಬ್ಬ ಬೆಕ್ಕಿನ ಸಾಕಣೆಗಾರ ಸಿಂಗಪುರಕ್ಕೆ ಹೋದಾಗ ಹಳೆಯ ಆಮದು ಕಾಗದಗಳು ಸಿಕ್ಕಿದುವು. ಆ ಮೂರು ಬೆಕ್ಕುಗಳು 1974ರಲ್ಲಿ ಅಮೆರಿಕದಿಂದಲೇ ಸಿಂಗಪುರಕ್ಕೆ ಬಂದಿದ್ದುವೆಂದು ಅವುಗಳಲ್ಲಿತ್ತು! ಮೊದಲು ಸಿಂಗಪುರದಿಂದ ಕಳುಹಿಸಿದ ಬೆಕ್ಕುಗಳ ಸಂತತಿಯನ್ನೇ ಮರಳಿ ಒಯ್ದದ್ದೆಂದು ವಿವರಣೆ ಬಂದಿತು. ಅಮೆರಿಕದ ಅಸೋಸಿಯೇಷನ್ ವಿಚಾರಣೆ ನಡೆಸಿ ತಪ್ಪು ಕಂಡುಬರಲಿಲ್ಲವೆಂದು ಫೈಲು ಮುಚ್ಚಿತು. ಮುಂದೆ ಸಿಂಗಪುರದ ಪ್ರವಾಸೋದ್ಯಮ ಮಂಡಳಿ ಆ ಬೆಕ್ಕನ್ನೇ ತನ್ನ ಲಾಂಛನ ಮಾಡಿಕೊಂಡಿತು.

ಮುಚ್ಚಿದ ಪುಸ್ತಕದ ಅಪಾಯ

ಈಗ ನಾವು ಮುಖ್ಯ ವಿಷಯಕ್ಕೆ ಬರೋಣ. ರಿಜಿಸ್ಟರು ಬಿಗಿಯಾದಷ್ಟೂ ತಳಿ ಶುದ್ಧವೆಂಬ ನಂಬಿಕೆ ಬಹುಕಾಲ ನಡೆಯಿತು. ಬರ್ಮೀಸ್ ತಳಿಯ ಕಥೆಯನ್ನು ನೋಡಿರಿ. 1930ರಲ್ಲಿ ಜೋಸೆಫ್ ಥಾಮ್ಸನ್ ಎಂಬ ವೈದ್ಯನ ಮೂಲಕ ವಾಂಗ್ ಮಾವ್ ಎಂಬ ಒಂದೇ ಒಂದು ಕಂದು ಹೆಣ್ಣು ಬೆಕ್ಕು ಬರ್ಮಾದಿಂದ ಸಾನ್ ಫ್ರಾನ್ಸಿಸ್ಕೋಗೆ ಬಂದಿತು. ಅದಕ್ಕೆ ಜೋಡಿಯಿರಲಿಲ್ಲ, ಸಯಾಮಿ ಗಂಡಿನೊಡನೆ ಕೂಡಿಸಿ ತಳಿಯನ್ನು ಬೆಳೆಸಿದರು. 1936ರಲ್ಲಿ ದಾಖಲಾತಿ ಸಿಕ್ಕಿತು. ಆದರೆ ಸಯಾಮಿಯ ಬೆರಕೆ ನಿಲ್ಲಲಿಲ್ಲವೆಂದು 1947ರಲ್ಲಿ ಅಸೋಸಿಯೇಷನ್ ಮಾನ್ಯತೆಯನ್ನು ಅಮಾನತಿನಲ್ಲಿಟ್ಟಿತು. ಮೂರು ತಲೆಮಾರು ಬೆರಕೆಯಿಲ್ಲದೆ ಸಾಕಿ ತೋರಿಸಿದ ಮೇಲೆ, 1950ರ ದಶಕದಲ್ಲಿ, ಅದು ಮರಳಿ ಸಿಕ್ಕಿತು. ನಿಯಮ ಗೆದ್ದಿತು. ಬೆಕ್ಕಿಗೆ ಏನಾಯಿತು? 2008ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಹಲವು ತಳಿಗಳ ಜೀನುಗಳನ್ನು ಹೋಲಿಸಿ ನೋಡಿದಾಗ ವೈವಿಧ್ಯ ಅತ್ಯಂತ ಕಡಿಮೆ ಇದ್ದುದು ಎರಡು ತಳಿಗಳಲ್ಲಿ: ಒಂದು ಬರ್ಮೀಸ್, ಇನ್ನೊಂದು ಮೇಲೆ ಹೇಳಿದ ಸಿಂಗಪುರಾ. ಸಗೋತ್ರ ವಿವಾಹ ಬೇಡವೆಂದ ನಮ್ಮ ಪೂರ್ವಿಕರ ಲೆಕ್ಕ ಬೇರೆಯದಿರಬಹುದು. ಆದರೆ ಕೆಲವೇ ಪೂರ್ವಜರಿಂದ ಹುಟ್ಟಿದವು ತಮ್ಮೊಳಗೇ ಕೂಡುತ್ತ ಹೋದರೆ ಅಡಗಿದ್ದ ದೋಷಗಳು ಮೇಲೆ ಬರುತ್ತವೆಂಬುದು ನಿಜವಾದ ಮಾತು.

ಮಕ್ಕಳಿಗೆ ಮುದ್ದೆನಿಸುವ, ಕಿವಿ ಮಡಿಚಿದ ಸ್ಕಾಟಿಷ್ ಫೋಲ್ಡ್ ಬೆಕ್ಕಿನ ಚಿತ್ರವನ್ನು ವಾಚಕರು ನೋಡಿರಬಹುದು. 1961ರಲ್ಲಿ ಸ್ಕಾಟ್ಲೆಂಡಿನ ಕೂಪರ್ ಆಂಗಸ್ ಎಂಬಲ್ಲಿ ಒಬ್ಬ ಕುರಿಗಾಹಿಗೆ ಕಂಡ ಸೂಸಿ ಎಂಬ ಹೆಣ್ಣು ಬೆಕ್ಕು ಈ ತಳಿಯ ಮೂಲ. 1966ರಲ್ಲಿ ಬ್ರಿಟಿಷ್ ಮಂಡಳಿ ಅದನ್ನು ದಾಖಲೆಗೆ ಸೇರಿಸಿತು. ಕಿವಿಯ ರೋಗ, ಕಿವುಡು ಎಂಬ ದೂರುಗಳು ಬಂದುವು. 1970ರ ದಶಕದ ಆರಂಭದಲ್ಲಿ ಮಂಡಳಿ ದಾಖಲಾತಿಯನ್ನೇ ನಿಲ್ಲಿಸಿತು. ಆದರೆ ಅಮೆರಿಕದಲ್ಲಿ 1978ರಲ್ಲಿ ಅದೇ ಬೆಕ್ಕು ಚಾಂಪಿಯನ್ ಆಗಬಹುದೆಂದಾಯಿತು. ಕಿವಿಯನ್ನು ಮಡಿಸುವುದು ಎಲುಬಿನ ತುದಿಯ ಮೃದ್ವಸ್ಥಿಯನ್ನು ಕೆಡಿಸುವ ದೋಷವೇ ಎಂಬುದು ಕ್ರಮೇಣ ಸಿದ್ಧವಾಯಿತು. 2016ರಲ್ಲಿ ಆ ಜೀನನ್ನೂ ಗುರುತಿಸಿದರು. ಕಿವಿ ಮಡಿಚಿದ್ದರೆ ಕಾಲಿನ ಕೀಲುಗಳಲ್ಲೂ ಆ ದೋಷ ಇರುತ್ತದೆ. ಮುದ್ದಾಗಿ ಕುಳಿತಿರುವಂತೆ ಕಾಣುವ ಬೆಕ್ಕು ನೋವಿನಿಂದ ಹಾಗೆ ಕುಳಿತಿರಲೂಬಹುದು. ಈಗ ನೆದರ್‌ಲೆಂಡ್ಸ್ ಮತ್ತು ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಸರಕಾರಗಳು ಅದರ ಸಾಕಣೆಯನ್ನು ಕಾನೂನಿನಿಂದಲೇ ನಿಷೇಧಿಸಿವೆ.

ಒಂದೇ ಬೆಕ್ಕು, ಒಂದು ರಿಜಿಸ್ಟರು ಅದನ್ನು ಹೊರಗಿಟ್ಟಿತು, ಇನ್ನೊಂದು ಪದಕ ಕೊಟ್ಟಿತು. ಮಂಡಳಿ ತನ್ನ ಪುಸ್ತಕದಲ್ಲಿ ಬರೆಯುವುದಿಲ್ಲವೆಂದಾಗ ಬ್ರಿಟನ್ನಿನಲ್ಲಿ ಆ ಮರಿಗಳ ಬೆಲೆ ಇಳಿಯಿತು, ಸಾಕುವವರ ಉತ್ಸಾಹ ಕುಗ್ಗಿತು. ಬರೆಯದಿರುವುದೂ ಒಂದು ಆಡಳಿತಕ್ರಮವೇ. ಇನ್ನೊಂದು ಒಳ್ಳೆಯ ಉಪಯೋಗವೂ ಉಂಟು. ಪರ್ಷಿಯನ್ ಬೆಕ್ಕುಗಳಲ್ಲಿ ಮೂತ್ರಪಿಂಡದಲ್ಲಿ ನೀರಗುಳ್ಳೆಗಳು ಬೆಳೆಯುವ ಒಂದು ಆನುವಂಶಿಕ ರೋಗವಿದೆ. ಹಲವು ದೇಶಗಳಲ್ಲಿ ಪರೀಕ್ಷಿಸಿದಾಗ ಮೂರರಲ್ಲೊಂದರಷ್ಟು ಬೆಕ್ಕುಗಳಲ್ಲಿ ಅದು ಕಂಡುಬಂದಿತ್ತು. 2004ರಲ್ಲಿ ಅದರ ಜೀನ್ ಪತ್ತೆಯಾಯಿತು. ಪರೀಕ್ಷೆ ಮಾಡಿಸಿ, ರೋಗವಿಲ್ಲದ ಬೆಕ್ಕುಗಳನ್ನು ಬೇರೆಯಾಗಿ ದಾಖಲಿಸಿ, ಅವುಗಳಿಂದ ಮಾತ್ರ ಮರಿ ಪಡೆಯುತ್ತ ಬಂದರೆ ಕೆಲವೇ ತಲೆಮಾರುಗಳಲ್ಲಿ ರೋಗವನ್ನು ತೊಲಗಿಸಬಹುದು. ಇದು ವಂಶಾವಳಿ ಇಲ್ಲದೆ ಆಗುವ ಕೆಲಸವಲ್ಲ.

ನಮ್ಮ ಮನೆಗಳ ಮಾತು

ಈಚಿನ ವರ್ಷಗಳಲ್ಲಿ ಮುಂಬಯಿ, ಬೆಂಗಳೂರುಗಳಲ್ಲೂ ಬೆಕ್ಕಿನ ಪ್ರದರ್ಶನಗಳು ನಡೆಯುತ್ತಿವೆ. ನಮ್ಮವರ ಫ್ಲ್ಯಾಟುಗಳಿಗೂ ಪರ್ಷಿಯನ್ ಮರಿಗಳು ಬಂದಿವೆ. ಮಾರುವವರು ಪೇಪರ್ ಇದೆ, ಆದುದರಿಂದ ಬೆಲೆ ಹೆಚ್ಚು ಎನ್ನುತ್ತಾರೆ. ಮಕ್ಕಳ ಹಟಕ್ಕೆ ಕೊಳ್ಳುವ ಮುಂಚೆ ಒಂದು ಮಾತನ್ನು ನೆನಪಿಡುವುದು ಒಳ್ಳೆಯದು. ಆ ಕಾಗದ ಹೇಳುವುದು ತಂದೆತಾಯಿ ಯಾರೆಂಬುದನ್ನು ಮಾತ್ರ. ಮರಿ ಆರೋಗ್ಯವಾಗಿದೆಯೆಂದು ಅದು ಹೇಳುವುದಿಲ್ಲ. ವಂಶಾವಳಿಯ ಜೊತೆಗೆ ತಂದೆತಾಯಿಗಳ ರೋಗಪರೀಕ್ಷೆಯ ಕಾಗದವನ್ನೂ ಕೇಳಬೇಕು. ಎರಡು ಕಡೆಯ ಕಾಲಮ್ಮಿನಲ್ಲೂ ಒಂದೇ ಅಜ್ಜನ ಹೆಸರು ಮತ್ತೆ ಮತ್ತೆ ಕಾಣುತ್ತಿದ್ದರೆ ಅದನ್ನು ಕುಲೀನತೆಯೆಂದು ಹಿಗ್ಗದೆ, ಎಚ್ಚರಿಕೆಯೆಂದು ತಿಳಿಯಬೇಕು. ಸಾಧ್ಯವಿದ್ದರೆ ತಾಯಿಬೆಕ್ಕನ್ನು ಕಣ್ಣಾರೆ ನೋಡಬೇಕು.

ಊರು ಬಿಟ್ಟು ಬಂದ ನಮಗೆ ಮೂಲದ ಪ್ರಶ್ನೆ ದಿನವೂ ಎದುರಾಗುತ್ತದೆ. ಶಾಲೆಯ ಅರ್ಜಿಯಲ್ಲಿ ಮಾತೃಭಾಷೆಯ ಕಾಲಮ್ಮು, ರಹವಾಸಿ ದಾಖಲೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂಬ ಕಾಲಮ್ಮು. ಮೂಲವನ್ನು ಬರೆದಿಡುವುದು ತಪ್ಪಲ್ಲ. ಹೆಳವರು ಹೇಳದಿದ್ದರೆ ಎಷ್ಟೋ ಮನೆತನಗಳಿಗೆ ತಮ್ಮ ಹಿಂದಿನ ಊರೇ ಗೊತ್ತಿರುತ್ತಿರಲಿಲ್ಲ. ಆದರೆ ಹೆಳವರು ಯಾರನ್ನೂ ಪುಸ್ತಕದ ಹೊರಗಿಡಲು ಬರುವುದಿಲ್ಲ, ಹೊಸ ಹೆಸರು ಸೇರಿಸಿಕೊಳ್ಳಲು ಬರುತ್ತಾರೆ. ಬೆಕ್ಕಿನ ದಾಖಲೆಗಳ ಒಂದೂವರೆ ಶತಮಾನದ ಚರಿತ್ರೆಯಲ್ಲಿ ಜೀವಕ್ಕೆ ಒಳಿತಾದುದು ಇಂಥ ಮನಸ್ಸಿನಿಂದ ಪುಸ್ತಕವನ್ನು ಬರೆದಾಗ. ಕೇಡಾದುದು ಪುಸ್ತಕಕ್ಕಾಗಿ ಬೆಕ್ಕನ್ನು ಸಾಕಿದಾಗ.

ಕೊನೆಯದಾಗಿ ಒಂದು ಸಂತೋಷದ ಸಂಗತಿ. ಅಮೆರಿಕದ ಅಸೋಸಿಯೇಷನ್ನಿನ ಪ್ರದರ್ಶನಗಳಲ್ಲಿ ಮನೆಬೆಕ್ಕುಗಳೆಂಬ ಒಂದು ವಿಭಾಗವಿದೆ. ಅಲ್ಲಿ ತಳಿಯ ಅಳತೆಗೋಲು ಇಲ್ಲ. ಬೆಕ್ಕು ಆರೋಗ್ಯವಾಗಿರಬೇಕು, ಶುಚಿಯಾಗಿರಬೇಕು, ಗೆಲುವಾಗಿರಬೇಕು, ಉಗುರು ಕೀಳಿಸಿರಬಾರದು, ಎಂಟು ತಿಂಗಳು ದಾಟಿದ್ದರೆ ಸಂತಾನಹರಣ ಚಿಕಿತ್ಸೆ ಆಗಿರಬೇಕು. ಇಷ್ಟೇ ನಿಯಮ. ಬೀದಿಯಿಂದ ಎತ್ತಿ ತಂದ ಬೆಕ್ಕೂ ಅಲ್ಲಿ ಮೊದಲ ಬಹುಮಾನ ಪಡೆಯಬಹುದು. ಹ್ಯಾರಿಸನ್ ವಿಯರ್ 1871ರಲ್ಲಿ ಬಯಸಿದ್ದುದು ಇದನ್ನೇ. ಈ ವಿಭಾಗದಲ್ಲಿ ಬೆಕ್ಕಿನ ತಂದೆಯ ಹೆಸರನ್ನು ಯಾರೂ ಕೇಳುವುದಿಲ್ಲ.